ಡಾಕ್ಟರ್ ಓದುವ ಮಗನ ಬ್ಯಾಗಿನಲ್ಲಿ ವೇಪ್

ಪ್ರಶ್ನೆ: ನನ್ನ ಮಗ ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದಾನೆ. ರಜೆಗೆ ಬಂದಾಗ ಅವನ ಬ್ಯಾಗಿನಲ್ಲಿ ಪೆನ್ನಿನಂಥ ವೇಪ್ ಸಿಕ್ಕಿತು. ಕೇಳಿದರೆ, ‘ಅಮ್ಮಾ, ಇದು ಸಿಗರೇಟಲ್ಲ, ಬರೀ ಆವಿ. ಇಂಗ್ಲೆಂಡಿನಲ್ಲಿ ಡಾಕ್ಟರುಗಳೇ ಇದನ್ನು ಸೇದಿ ಅಂತಾರೆ’ ಎಂದ. ನಿಜವೇ? ವೈದ್ಯನಾಗುವವನಿಗೆ ನಾನೇನು ಹೇಳಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮಗ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಅದನ್ನು ಮೊದಲು ಒಪ್ಪಿಕೊಳ್ಳಿ. ಇಲ್ಲವಾದರೆ ಉಳಿದದ್ದಕ್ಕೆ ಅವನು ಕಿವಿಗೊಡುವುದಿಲ್ಲ. ಸಿಗರೇಟು ಬಿಡಲು ಒದ್ದಾಡುವವರಿಗೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ವೇಪ್ ಸೂಚಿಸುತ್ತದೆ. ತಂಬಾಕು ಉರಿಯದ ಕಾರಣ ಟಾರ್ ಹುಟ್ಟುವುದಿಲ್ಲ ಎಂಬುದೂ ಸರಿ. ಆದರೆ ಆ ಸಲಹೆ ಸೇದುವವರಿಗೆ ಮಾತ್ರ. ಸೇದದವರು ಇದನ್ನು ಮುಟ್ಟಲೇಬೇಡಿ ಎಂದೂ ಅದೇ ಸೇವೆ ಹೇಳುತ್ತದೆ. ಬಳಸಿ ಎಸೆಯುವ ವೇಪ್‌ಗಳ ಮಾರಾಟ ಅಲ್ಲಿ 2025ರ ಜೂನ್ 1ರಿಂದ ನಿಂತಿದೆ.

‘ಬರೀ ಆವಿ’ ಎಂಬುದು ಮಾತ್ರ ಸುಳ್ಳು. ಬ್ಯಾಟರಿಯಿಂದ ಕಾಯುವ ಸುರುಳಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ ರಾಸಾಯನಿಕ, ನಿಕೋಟಿನ್ ಬೆರೆತ ದ್ರವವನ್ನು ಸಣ್ಣ ಹನಿಗಳಾಗಿಸಿ ಶ್ವಾಸಕೋಶಕ್ಕೆ ಇಳಿಸುತ್ತದೆ. ಈಗಿನ ಹಲವು ವೇಪ್‌ಗಳಲ್ಲಿರುವುದು ಲವಣ ರೂಪದ ನಿಕೋಟಿನ್. ಗಂಟಲು ಉರಿಯದಿರುವುದರಿಂದ ಹೆಚ್ಚು ಒಳಹೋದರೂ ತಿಳಿಯುವುದಿಲ್ಲ. ಸಿಗರೇಟು ಉರಿದು ಮುಗಿಯುತ್ತದೆ, ದಿನಕ್ಕೆಷ್ಟು ಎಂಬ ಲೆಕ್ಕ ಸಿಗುತ್ತದೆ. ವೇಪ್‌ನಲ್ಲಿ ಆ ಲೆಕ್ಕವೂ ಇಲ್ಲ, ಸಿಗರೇಟಿನ ವಾಸನೆಯೂ ಇಲ್ಲ. ರಾತ್ರಿಯೆಲ್ಲ ಓದುವ ಹಾಸ್ಟೆಲ್ ಕೋಣೆಗೆ ಅದು ಸುಲಭವಾಗಿ ಹೊಕ್ಕುಬಿಡುತ್ತದೆ.

ಇನ್ನೊಂದು ಅಪಾಯ, ಒಳಗೇನಿದೆ ಎಂದು ಸೇದುವವನಿಗೇ ಗೊತ್ತಿರುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದುವವರಲ್ಲಿ ಶುರುವಾದ ಶ್ವಾಸಕೋಶದ ಕಾಯಿಲೆಯಿಂದ 2020ರ ಫೆಬ್ರವರಿ ಹೊತ್ತಿಗೆ 68 ಮಂದಿ ಸತ್ತರು. ಹೆಚ್ಚಿನವರು ಸೇದಿದ್ದು ಗಾಂಜಾದ ಸತ್ವವಿದ್ದ ದ್ರವ. ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣವೆಂದು ಗೊತ್ತಾಯಿತು. ನಮ್ಮಲ್ಲಿ ಕರ್ನಾಟಕ 2016ರಲ್ಲೇ ವೇಪ್ ಸೇರಿದಂತೆ ಇ–ಸಿಗರೇಟ್ ನಿಷೇಧಿಸಿತು, 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಮಾರಿದವರಿಗೆ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹಾಗಾಗಿ ಇಲ್ಲಿ ಸಿಗುವುದೆಲ್ಲ ಕಳ್ಳಮಾಲು. ಪರೀಕ್ಷಿಸಿ ನೋಡುವವರು ಯಾರೂ ಇಲ್ಲ.

ಓದಿದವರೇ ಹೀಗೇಕೆ ಎಂದು ನಿಮಗೆ ಸಂಕಟವಾಗಿರಬಹುದು. ಇದು ಹೊಸತೇನಲ್ಲ. 1951ರಲ್ಲಿ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಸಿಗರೇಟಿನ ಹಾನಿ ಅರಿಯಲು ಬ್ರಿಟನ್ನಿನ ವೈದ್ಯರನ್ನೇ ಆರಿಸಿಕೊಂಡರು. ಆಗ ಅವರಲ್ಲೂ ಬಹಳ ಮಂದಿ ಸೇದುತ್ತಿದ್ದರು. ಸಹೋದ್ಯೋಗಿಗಳ ಸಾವಿನ ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಎಷ್ಟೋ ವೈದ್ಯರು ಬಿಟ್ಟರು. ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ನಡೆಸಿದ ಸಮೀಕ್ಷೆಗಳು ಇನ್ನೊಂದು ಕೊರತೆಯನ್ನು ತೋರಿಸಿವೆ: ತಂಬಾಕು ಬಿಡಿಸುವ ತರಬೇತಿ ಬೇಕೆಂದವರು ಬಹುಪಾಲು, ಅದು ಸಿಕ್ಕವರು ಕೆಲವರೇ. ಕ್ಯಾನ್ಸರ್ ಬಗ್ಗೆ ಓದಿದ ಹುಡುಗನಿಗೆ ಚಟ ಬಿಡಿಸುವುದನ್ನು ನಾವು ಕಲಿಸಿಲ್ಲ.

ಆದ್ದರಿಂದ ಬೈಯಬೇಡಿ, ಎರಡು ಪ್ರಶ್ನೆ ಕೇಳಿ. ‘ಮೊದಲು ಸಿಗರೇಟು ಸೇದುತ್ತಿದ್ದೆಯಾ?’ ಇಲ್ಲವೆಂದರೆ ಇಂಗ್ಲೆಂಡಿನ ಮಾತು ಅವನಿಗೆ ಹೊಂದುವುದೇ ಇಲ್ಲ. ‘ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಅದು ಬೇಕೆನಿಸುತ್ತದೆ?’ ಅರ್ಧ ಗಂಟೆಯೊಳಗೆ ಎಂದರೆ ಚಟ ಬಲವಾಗಿದೆ. ಆಗ 1800–11–2356ಕ್ಕೆ ಅವನೇ ಕರೆ ಮಾಡಲಿ. ತಂಬಾಕು ಬಿಡಲು ನೆರವಾಗುವ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡಬಹುದು. ನಾಳೆ ತನ್ನ ಮುಂದೆ ಕೂರುವ ರೋಗಿಗೆ ‘ಬಿಡಪ್ಪಾ’ ಎಂದು ಧೈರ್ಯವಾಗಿ ಹೇಳಬೇಕಾದವನು ಅವನು. ಇವತ್ತೇ ಬಿಡಲಿ.