ತೋಟದ ತಗ್ಗಿನ ಹೊಂಡ, ಅದರೊಳಗಿನ ಮೀನು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮೀನುಹೊಂಡ ಬಹುಪಾಲು ಅಡಿಕೆ ತೋಟದ ತಗ್ಗಿನಲ್ಲೇ ಇರುತ್ತದೆ. ಹೊಸದಾಗಿ ಕಾಟ್ಲಾ, ರೋಹು, ಗೆಂಡೆ ಸಾಕಲು ಹೊರಟವರಿಗೆ ಅನುಭವದಿಂದ ಐದು ಮಾತು.

1. ಮೊದಲು ಮೈಲುತುತ್ತಿನ ಕಡೆ ಗಮನವಿರಲಿ. ಕೊಳೆ ರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತು ಇರುತ್ತದೆ. ಅದರಲ್ಲಿನ ತಾಮ್ರ ಮೀನಿನ ಕಿವಿರನ್ನೇ ಸುಡುತ್ತದೆ. ಸುಣ್ಣದಂಶ ಕಡಿಮೆಯಿರುವ ನಮ್ಮ ಮಲೆನಾಡಿನ ನೀರಿನಲ್ಲಿ ಅದರ ವಿಷ ಇನ್ನೂ ಜೋರು. ಔಷಧಿ ಹೊಡೆದ ಬೆನ್ನಿಗೇ ಮಳೆ ಸುರಿದರೆ ಎಲ್ಲವೂ ಇಳಿದು ಬರುವುದು ಹೊಂಡಕ್ಕೆ. ಆದ್ದರಿಂದ ಬಸಿಗಾಲುವೆಯನ್ನು ಏರಿಯ ಹೊರಗೆ ತಿರುಗಿಸಿ. ಡ್ರಮ್ಮು, ಪೈಪು ತೊಳೆಯಲು ಬೇರೆ ಕಡೆ ನೀರಿಟ್ಟು ಔಷಧಿ ಹೊಡೆಯುವ ಕೊನೆಗಾರರಿಗೆ ಮೊದಲೇ ಹೇಳಿಡಿ. ಹತ್ತಿರ ಕಂಡ ನೀರಿಗೆ ಅವರು ಕೈ ಹಾಕಿದರೆ ತಪ್ಪು ಅವರದಲ್ಲ.

2. ಪುನರ್ವಸು, ಪುಷ್ಯ ಮಳೆಯಲ್ಲಿ ಬೆಳಗಿನ ಜಾವವೇ ಹೊಂಡದ ಹತ್ತಿರ ಹೋಗಿ. ಬಿಸಿಲಿಲ್ಲದೆ ಪಾಚಿ ಹಗಲು ಸಾಕಷ್ಟು ಆಮ್ಲಜನಕ ಕೊಡುವುದಿಲ್ಲ, ರಾತ್ರಿ ಇದ್ದುದನ್ನೂ ತಾನೇ ಉಸಿರಾಡಿ ಮುಗಿಸುತ್ತದೆ. ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಗೆಂಡೆ ನೆಮ್ಮದಿಯಾಗಿರುತ್ತದೆ. ಮೀನೆಲ್ಲ ಮೇಲೆ ಬಂದು ಬಾಯಿ ಬಡಿಯುವುದನ್ನು ಹಸಿವೆಂದುಕೊಂಡು ಹಿಂಡಿ ಎರಚುವವರಿದ್ದಾರೆ. ಅದಕ್ಕೆ ಉಸಿರು ಕಟ್ಟಿದೆ, ಮಾರಾಯ್ರೇ! ಪಂಪು ಹಚ್ಚಿ, ನೀರು ಎತ್ತರದಿಂದ ಚಿಮ್ಮಿ ಬೀಳಲಿ. ಮೋಡ ಕವಿದಿರುವಷ್ಟು ದಿನ ತೌಡು, ಹಿಂಡಿ ಕಡಿಮೆ ಮಾಡಿ; ಸಗಣಿಯಂತೂ ಬೇಡವೇ ಬೇಡ.

3. ಜಂಬಿಟ್ಟಿಗೆ ಮಣ್ಣು ಹುಳಿ. ಮರಿ ಬಿಡುವ ಮೊದಲು ಸುಣ್ಣ ಹಾಕಿ.

4. ಮರಿಯ ಚೀಲವನ್ನು ತಂದ ತಕ್ಷಣ ಸುರಿಯಬಾರದು. 15–20 ನಿಮಿಷ ಹೊಂಡದಲ್ಲಿ ತೇಲಿಸಿ, ಸ್ವಲ್ಪ ಸ್ವಲ್ಪವೇ ನೀರು ಸೇರಿಸಿ. ಮರಿಗಳು ತಾವಾಗಿ ಈಜಿ ಹೊರಬರಲಿ. ಬೆರಳುದ್ದದವಾದರೆ ಎಕರೆಗೆ 2,000 ಸಾಕು.

5. ಹಿಡಿಯುವ ದಿನ ಮತ್ತೆ ಹೊಂಡಕ್ಕೆ ಬಿಡುವ ಮೀನನ್ನು ಒಣ ಕೈಯಲ್ಲಿ ಮುಟ್ಟಬೇಡಿ, ಮೈಮೇಲಿನ ಲೋಳೆ ಹೋದರೆ ಹುಣ್ಣಾಗುತ್ತದೆ. ಮಾರುವ ಮೀನನ್ನು ಏರಿಯ ಮೇಲೆ ಒದ್ದಾಡಿ ಸಾಯಲು ಬಿಡದೆ, ತಲೆಗೆ ಒಂದೇ ಬಲವಾದ ಪೆಟ್ಟು ಕೊಟ್ಟು ಐಸಿಗೆ ಹಾಕಿ. ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನಿಗೆ ಕೈಮುಗಿಯುವ ನಾವೇ ಹೊಂಡದ ಮೀನಿಗೆ ನೋವೆಲ್ಲಿದೆ ಎನ್ನುತ್ತೇವೆ. ಆದರೆ ಟ್ರೌಟ್ ಮೀನಿನ ತಲೆಯಲ್ಲಿ ನೋವು ಗ್ರಹಿಸುವ ನರತುದಿಗಳಿರುವುದನ್ನು ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲೇ ತೋರಿಸಿದ್ದಾರೆ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಮನುಷ್ಯನನ್ನು ಬಿಟ್ಟು ಉಳಿದ ಜೀವಿಗಳೆಲ್ಲ ಪ್ರಾಣಿಗಳೇ. ಮೀನೂ ಅದರಲ್ಲಿ ಸೇರಿದೆ.