ಮನೆಯ ಗಣಕಯಂತ್ರದಲ್ಲಿ ಚಿತ್ರ ಸಂಕಲನ

ಚಲಿಸುವ ಚಿತ್ರವು ಕಣ್ಣಿಗೆ ಅಖಂಡವಾದ ಪ್ರವಾಹದಂತೆ ತೋರಿದರೂ ವಾಸ್ತವದಲ್ಲಿ ಅದು ಬಿಡಿ ಬಿಂಬಗಳ ಮಾಲೆ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಬಿಂಬಗಳೂ ನಮ್ಮ ದೂರದರ್ಶನದಲ್ಲಿ 25 ಬಿಂಬಗಳೂ ಸರಿದುಹೋಗುತ್ತವೆ. ಮೊಬೈಲಿನಲ್ಲಿ ಸಾಮಾನ್ಯವಾಗಿ 30. ಈ ಮಾಲೆಯಿಂದ ಬೇಡವಾದುದನ್ನು ತೆಗೆದು, ಉಳಿದುದನ್ನು ಅರ್ಥವಾಗುವ ಕ್ರಮದಲ್ಲಿ ಪೋಣಿಸುವ ಕಲೆಗೆ ಸಂಕಲನವೆಂದು ಹೆಸರು. ದಾದಾಸಾಹೇಬ್ ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದಾಗಲೂ, 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದಾಗಲೂ ಸಂಕಲನವೆಂದರೆ ಅಕ್ಷರಶಃ ಕತ್ತರಿಯ ಕೆಲಸವಾಗಿತ್ತು. ಫಿಲ್ಮಿನ ಸುರುಳಿಯನ್ನು ಕತ್ತರಿಸಿ, ತುದಿಗಳನ್ನು ಅಂಟಿಸಬೇಕಾಗಿತ್ತು. ಇಂದು ಆ ಕತ್ತರಿ ಮತ್ತು ಅಂಟು ಎರಡೂ ತಂತ್ರಾಂಶದ ರೂಪದಲ್ಲಿ ಮನೆಯ ಗಣಕಯಂತ್ರದೊಳಗೆ ಸೇರಿವೆ. ಆದರೆ ತಂತ್ರಾಂಶಗಳು ಹಲವು. ಹೊಸಬರು ಯಾವುದನ್ನು ಆರಿಸಿಕೊಳ್ಳಬೇಕು?

ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಾಡನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿ ಚಿತ್ರಿಸಲು ವಸ್ತುವಿಗೆ ಬರವಿಲ್ಲ. ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ಬೆಳ್ಳಗೆ ಅರಳುವ ಕಾಫಿ ತೋಟ, ಟಿಪ್ಪೂ ಸುಲ್ತಾನನು ಕಟ್ಟಿಸಿದ, 1792ರಲ್ಲಿ ಪೂರ್ಣಗೊಂಡ ಎಂಟು ಮೂಲೆಗಳ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ, ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ಹೇಮಾವತಿ, ಸುಗ್ಗಿಯ ಕುಣಿತ. (ತೋಟಕ್ಕೆ ನುಗ್ಗಿದ ಕಾಡಾನೆಯನ್ನು ಚಿತ್ರಿಸಲು ಮಾತ್ರ ಯಾರೂ ಹೋಗಬಾರದು, ಪ್ರಾಣಕ್ಕಿಂತ ಚಿತ್ರ ದೊಡ್ಡದಲ್ಲ.) ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿದೆ. ಸುಗ್ಗಿಯ ಪದಗಳನ್ನು ಬಾಯಿಪಾಠವಾಗಿ ಬಲ್ಲ ಹಿರಿಯರು ಊರೂರಲ್ಲಿ ಕಡಿಮೆಯಾಗುತ್ತಿದ್ದಾರೆ. ಕೋಟೆಯನ್ನು ಮುಂದಿನ ವರ್ಷವೂ ಚಿತ್ರಿಸಬಹುದು. ಅಜ್ಜಿಯ ದನಿಯನ್ನು ಮುಂದಿನ ವರ್ಷಕ್ಕೆ ಕಾದಿರಿಸಲಾಗದು. ಆದುದರಿಂದ ಸಂಕಲನದ ಸಾಧನವನ್ನು ಆರಿಸುವುದು ಕೇವಲ ವಿನೋದದ ಪ್ರಶ್ನೆಯಲ್ಲ.

ಮೊದಲು ನೋಡಬೇಕಾದುದು ತಂತ್ರಾಂಶವನ್ನಲ್ಲ, ಮನೆಯಲ್ಲಿರುವ ಯಂತ್ರವನ್ನು. ಮೊಬೈಲಿನಲ್ಲಿ ತೆಗೆದ ಉತ್ತಮ ದರ್ಜೆಯ ಒಂದು ನಿಮಿಷದ ಚಿತ್ರಕ್ಕೆ ಸುಮಾರು 100ರಿಂದ 130 ಎಂ.ಬಿ. ಸ್ಥಳ ಬೇಕು. ಒಂದು ಗಂಟೆಯ ಹಾಡುಗಾರಿಕೆಯನ್ನು ದಾಖಲಿಸಿದರೆ ಆರೇಳು ಜಿ.ಬಿ. ತುಂಬಿಹೋಗುತ್ತದೆ. ಸ್ಥಳಕ್ಕಿಂತ ಮುಖ್ಯವಾದುದು ಯಂತ್ರದ ಸ್ಮೃತಿ, ಎಂದರೆ ರ‍್ಯಾಮ್. ‘ಡಾವಿಂಚಿ ರಿಸಾಲ್ವ್’ ಎಂಬ ತಂತ್ರಾಂಶವು ಚಲನಚಿತ್ರೋದ್ಯಮದಲ್ಲಿ ಹೆಸರು ಪಡೆದುದು. ಅದರ ಒಂದು ಆವೃತ್ತಿ ಉಚಿತವಾಗಿಯೂ ದೊರೆಯುತ್ತದೆ. ಆದರೆ 16 ಜಿ.ಬಿ. ಸ್ಮೃತಿಯೂ ಪ್ರಬಲವಾದ ಚಿತ್ರಸಂಸ್ಕಾರಕವೂ ಇಲ್ಲದ ಯಂತ್ರದಲ್ಲಿ ಅದು ಏದುಸಿರು ಬಿಡುತ್ತದೆ. ಕಿರುದಾರಿಯಲ್ಲಿ ಲಾರಿ ಓಡಿಸಿದಂತಾಗುತ್ತದೆ ಅಷ್ಟೆ.

ಸಾಧಾರಣ ಯಂತ್ರವುಳ್ಳವರಿಗೆ ಓಪನ್‌ಶಾಟ್, ಶಾಟ್‌ಕಟ್, ಕೆಡೆನ್‌ಲೈವ್ ಎಂಬ ಮೂರು ತಂತ್ರಾಂಶಗಳಿವೆ. ಇವು ಮುಕ್ತ ತಂತ್ರಾಂಶಗಳು. ಹಣ ಕೊಡಬೇಕಾಗಿಲ್ಲ, ಸಿದ್ಧವಾದ ಚಿತ್ರದ ಮೇಲೆ ತಮ್ಮ ಮುದ್ರೆಯನ್ನು ಒತ್ತುವುದೂ ಇಲ್ಲ. ಓಪನ್‌ಶಾಟ್ ಕಲಿಯಲು ಅತಿ ಸುಲಭ. ನಾಲ್ಕಾರು ತುಣುಕುಗಳನ್ನು ಜೋಡಿಸಲು ಅದು ಸಾಕು. ದೀರ್ಘವಾದ ದಾಖಲೆಗೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ಮೇಲೆಂದು ನನ್ನ ಅಭಿಪ್ರಾಯ. ಇವೆರಡರಲ್ಲಿಯೂ ದೊಡ್ಡ ಚಿತ್ರಕ್ಕೆ ಬದಲಾಗಿ ಹಗುರವಾದ ಪ್ರತಿನಿಧಿ ಕಡತವನ್ನು ಮಾಡಿಕೊಂಡು ಕೆಲಸ ನಡೆಸಿ, ಕೊನೆಯಲ್ಲಿ ಮೂಲ ಚಿತ್ರದಿಂದಲೇ ಪ್ರತಿ ತೆಗೆಯುವ ಸೌಕರ್ಯವಿದೆ. ಮೊಬೈಲ್‌ಗಳು ಬಿಂಬಗಳನ್ನು ಸಮವೇಗದಲ್ಲಿ ದಾಖಲಿಸದೆ ಇರುವುದುಂಟು. ಆಗ ಹಾಡು ಮುಂದೆ, ತುಟಿಗಳು ಹಿಂದೆ ಎಂಬಂತಾಗುತ್ತದೆ. ಅಂತಹ ಕಡತವನ್ನು ಕಂಡಾಗ ಶಾಟ್‌ಕಟ್ ಅದನ್ನು ಸಂಕಲನಯೋಗ್ಯವಾಗಿ ಪರಿವರ್ತಿಸಲೇ ಎಂದು ಕೇಳುತ್ತದೆ, ಒಪ್ಪುವುದು ಲೇಸು.

ಇನ್ನು ಮಲೆನಾಡಿನ ಮಳೆ. ಜೂನ್ ತಿಂಗಳಿಂದಾಚೆಗೆ ಮರ ಮುರಿದು ತಂತಿಯ ಮೇಲೆ ಬಿದ್ದರೆ ವಿದ್ಯುತ್ತೂ ಇಲ್ಲ, ಅಂತರಜಾಲವೂ ಇಲ್ಲ. 2021ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಕೊಂಡುಕೊಂಡ ಕ್ಲಿಪ್‌ಚಾಂಪ್ ಬಳಸಲು ಸುಲಭವಾದರೂ ಅಂತರಜಾಲವನ್ನು ಬಹುಮಟ್ಟಿಗೆ ನೆಚ್ಚಿಕೊಂಡಿದೆ. ಮೇಲೆ ಹೇಳಿದ ಮೂರನ್ನಾದರೋ ಸಂಕೇತ ದೊರೆಯುವ ಕಡೆ ಒಮ್ಮೆ ಇಳಿಸಿಕೊಂಡರೆ ಸಾಕು, ಮನೆಯಲ್ಲಿ ನೆಮ್ಮದಿಯಾಗಿ ಬಳಸಬಹುದು. ತಮ್ಮ ಕೆಲಸವನ್ನು ಆಗಾಗ ತಾವೇ ಉಳಿಸಿಕೊಳ್ಳುವ ಗುಣವೂ ಇವಕ್ಕಿದೆ. ಹಳೆಯ ವಿಂಡೋಸ್ ಮೂವೀ ಮೇಕರ್ ಬೇಕೆಂದು ಹುಡುಕುವವರು ಇನ್ನೂ ಇದ್ದಾರೆ. ಅದನ್ನು 2017ರಲ್ಲಿಯೇ ಹಿಂತೆಗೆದುಕೊಳ್ಳಲಾಯಿತು; ಅದರ ಹೆಸರಿನಲ್ಲಿ ಅಪರಿಚಿತ ತಾಣಗಳು ಕೊಡುವ ಕಡತಗಳಲ್ಲಿ ಯಂತ್ರವನ್ನು ಕೆಡಿಸುವ ಕುತಂತ್ರಾಂಶವಿರುವ ಸಂಭವವುಂಟು.

ಕನ್ನಡಿಗರು ಮರೆಯಬಾರದ ಪರೀಕ್ಷೆಯೊಂದು ಉಳಿದಿದೆ. ಚಿತ್ರದ ಮೇಲೆ ಶೀರ್ಷಿಕೆ ಬರೆಯುವಾಗ ಕೆಲವು ತಂತ್ರಾಂಶಗಳು ನಮ್ಮ ಒತ್ತಕ್ಷರಗಳನ್ನು ಬಿಡಿಬಿಡಿಯಾಗಿ ಚೆಲ್ಲಿಬಿಡುತ್ತವೆ. ಆದುದರಿಂದ ಯಾವುದನ್ನೇ ಆರಿಸುವ ಮುನ್ನ ‘ಸ್ತ್ರೀ’, ‘ರಾಷ್ಟ್ರ’, ‘ಸೂರ್ಯ’ ಎಂಬ ಮೂರು ಪದಗಳನ್ನು ಬರೆದು ನೋಡಿ. ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಸಾಲು ಮತ್ತೊಂದು ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾದೀತು. ಕೇರಳದ ಶಾಲೆಗಳಲ್ಲಿ 2018ರಲ್ಲಿ ಆರಂಭವಾದ ‘ಲಿಟ್ಲ್ ಕೈಟ್ಸ್’ ಕೂಟಗಳ ವಿದ್ಯಾರ್ಥಿಗಳು ಗಣಕ ಕೌಶಲಗಳನ್ನು ಕಲಿಯುವುದು ಮುಕ್ತ ತಂತ್ರಾಂಶಗಳಲ್ಲಿಯೇ. ಕಾಸರಗೋಡಿನ ಕನ್ನಡ ಮಕ್ಕಳೂ ಅವರಲ್ಲಿದ್ದಾರೆ.

ತಂತ್ರಾಂಶದಲ್ಲಿ ಎಷ್ಟು ಕತ್ತರಿಸಿದರೂ ಮೂಲ ಕಡತಕ್ಕೆ ಗಾಯವಾಗುವುದಿಲ್ಲ. ಯೋಜನೆಯ ಕಡತದಲ್ಲಿ ಉಳಿಯುವುದು ಎಲ್ಲಿ ಕತ್ತರಿಸಬೇಕೆಂಬ ಸೂಚನೆ ಮಾತ್ರ. ಇದನ್ನು ಅರಿಯದೆ, ಸಿದ್ಧಚಿತ್ರ ಕೈಗೆ ಬಂದೊಡನೆ ಮೂಲವನ್ನು ಅಳಿಸಿಹಾಕುವವರುಂಟು. ಐದು ನಿಮಿಷದ ಚಿತ್ರಕ್ಕೆ ಬೇಡವಾದ ಅಜ್ಜಿಯ ಕೆಮ್ಮು, ನಡುವೆ ನಿಂತು ನೆನಪಿಸಿಕೊಂಡ ಸಾಲು, ಪದದ ಅರ್ಥವನ್ನು ಬಿಡಿಸಿ ಹೇಳಿದ ಮಾತು ಇವೆಲ್ಲ ಇರುವುದು ಆ ಮೂಲದಲ್ಲಿಯೇ. ಅದರ ಒಂದು ಪ್ರತಿಯನ್ನು ಬೇರೊಂದು ಹಾರ್ಡ್ ಡಿಸ್ಕಿಗೆ ಹಾಕಿ, ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಕಡತದ ಹೆಸರಿನಲ್ಲಿಯೇ ಬರೆದು, ಮಲೆನಾಡಿನ ತೇವ ತಗಲದ ಕಡೆ ಇಡಬೇಕು.