ಬುನಾದಿಗೆ ಮರಳುವ ಮುನ್ನ

ಕಅಬಾದ ಒಂದು ಬದಿಯಲ್ಲಿ ಅರ್ಧವೃತ್ತಾಕಾರದ ಗಿಡ್ಡ ಗೋಡೆಯೊಂದಿದೆ. ಅದರೊಳಗಿನ ಜಾಗವೇ ಹತೀಮ್. ತವಾಫ್ ಮಾಡುವವರು ಅದರ ಹೊರಗಿನಿಂದಲೇ ಸುತ್ತಬೇಕು. ಏಕೆಂದರೆ ಆ ಜಾಗದ ಒಂದು ಭಾಗವು ಕಅಬಾಕ್ಕೆ ಸೇರಿದ್ದಾಗಿದೆ. ಹಾಗಾದರೆ ಅದು ಹೊರಗೆ ಉಳಿದದ್ದೇಕೆ?

ಪ್ರವಾದಿವರ್ಯರಿಗೆ(ಸ) ಸುಮಾರು 35 ವರ್ಷವಾಗಿದ್ದಾಗ ಖುರೈಶರು ಕಅಬಾವನ್ನು ಪುನರ್ನಿರ್ಮಿಸಿದರು. ಶುದ್ಧ ಸಂಪಾದನೆಯ ಹಣವನ್ನಷ್ಟೇ ಬಳಸಲು ನಿರ್ಧರಿಸಿದ್ದರು, ಅದು ಸಾಲದಾಯಿತು. ಆದ್ದರಿಂದ ಹ. ಇಬ್ರಾಹೀಮರು(ಅ) ಹಾಕಿದ ಬುನಾದಿಯ ಒಂದು ಭಾಗವನ್ನು ಹೊರಗೆ ಬಿಟ್ಟರು. ತಾವು ಬಯಸಿದವರನ್ನು ಮಾತ್ರ ಒಳಗೆ ಬಿಡಲಿಕ್ಕಾಗಿ ಬಾಗಿಲನ್ನು ಎತ್ತರದಲ್ಲಿಟ್ಟರು.

ಕ್ರಿ.ಶ. 630ರಲ್ಲಿ ಮಕ್ಕಾ ವಿಜಯವಾಯಿತು. ಪ್ರವಾದಿವರ್ಯರು(ಸ) ಕಅಬಾದಿಂದ ವಿಗ್ರಹಗಳನ್ನು ತಡಮಾಡದೆ ತೆಗೆಸಿದರು. ಆದರೆ ಗೋಡೆಯನ್ನು ಮುಟ್ಟಲಿಲ್ಲ. ಜನರು ಅಜ್ಞಾನ ಕಾಲದಿಂದ ಈಗಷ್ಟೇ ಹೊರಬಂದಿದ್ದಾರೆ, ಅವರ ಮನಸ್ಸು ಕದಡೀತು. ಇಲ್ಲವಾದರೆ ಕಅಬಾವನ್ನು ಹಳೆಯ ಬುನಾದಿಯ ಮೇಲೆ ಕಟ್ಟಿಸಿ, ನೆಲಮಟ್ಟದಲ್ಲಿ ಎರಡು ಬಾಗಿಲುಗಳನ್ನು ಇಡಿಸುತ್ತಿದ್ದೆ ಎಂಬರ್ಥದ ಮಾತನ್ನು ಹ. ಆಯಿಶಾರಿಗೆ(ರ) ಹೇಳಿದರು.

ಮುಂದೆ ಹ. ಆಯಿಶಾರ(ರ) ಸೋದರಿಯ ಮಗ ಅಬ್ದುಲ್ಲಾ ಬಿನ್ ಝುಬೈರ್(ರ) ಆ ಬಯಕೆಯನ್ನು ನೆರವೇರಿಸಿದರು. 683ರ ಮುತ್ತಿಗೆಯಲ್ಲಿ ಬೆಂಕಿಗೆ ತುತ್ತಾಗಿದ್ದ ಕಅಬಾವನ್ನು ಹಳೆಯ ಬುನಾದಿಯ ಮೇಲೆಯೇ ಕಟ್ಟಿಸಿದರು. 692ರಲ್ಲಿ ಅವರು ಹುತಾತ್ಮರಾದ ಬಳಿಕ, ಖಲೀಫ ಅಬ್ದುಲ್ ಮಲಿಕ್‌ನ ಅಪ್ಪಣೆಯಂತೆ ಹಜ್ಜಾಜನು ಅದನ್ನು ಮತ್ತೆ ಖುರೈಶರ ಕಾಲದ ರೂಪಕ್ಕೆ ತಂದನು. ಪ್ರವಾದಿವರ್ಯರ(ಸ) ಮಾತು ನಿಜವೆಂದು ಇನ್ನೊಬ್ಬರಿಂದಲೂ ತಿಳಿದಾಗ ಅಬ್ದುಲ್ ಮಲಿಕ್ ಪರಿತಪಿಸಿದನು. ಅನಂತರ ಅಬ್ಬಾಸೀ ಖಲೀಫರೊಬ್ಬರು ಅದನ್ನು ಪುನಃ ಬದಲಿಸಬಯಸಿದಾಗ ಇಮಾಮ್ ಮಾಲಿಕ್(ರ) ತಡೆದರು. ಅಲ್ಲಾಹನ ಭವನವು ಅರಸರ ಕೈಯ ಆಟಿಕೆಯಾಗಿ ಜನಮನದಲ್ಲಿ ಅದರ ಗೌರವ ಕುಂದೀತು ಎಂಬುದೇ ಅವರ ಆತಂಕವಾಗಿತ್ತು.

ಸಹೋದರ ಸಹೋದರಿಯರೇ, ಮೂಲಕ್ಕೆ ಮರಳಬೇಕೆಂಬ ಹಂಬಲ ಒಳ್ಳೆಯದೇ. ಆದರೆ ವಿಗ್ರಹ ಯಾವುದು, ಗೋಡೆ ಯಾವುದು ಎಂದು ನಾವು ಗುರುತಿಸುತ್ತೇವೆಯೇ? ನಾಲ್ಕು ಗ್ರಂಥ ಓದಿದ ಯುವಕನು ಮನೆಯ ಹಿರಿಯರ ಒಂದು ಸಣ್ಣ ರೂಢಿಯನ್ನು ಒಂದೇ ದಿನದಲ್ಲಿ ತಿದ್ದಲು ಹೊರಡುತ್ತಾನೆ. ರೂಢಿ ತಿದ್ದುವುದಿಲ್ಲ, ತಾಯಿಯ ಕಣ್ಣು ತೇವವಾಗುತ್ತದೆ. ಮಸೀದಿಯ ಒಂದು ಪದ್ಧತಿಯನ್ನು ಸರಿಪಡಿಸಲು ಹೋಗಿ ಜಮಾಅತ್ ಎರಡಾಗುತ್ತದೆ. ಶಿರ್ಕ್ ಮತ್ತು ಅನ್ಯಾಯದೊಂದಿಗೆ ರಾಜಿಯಿಲ್ಲ. ಉಳಿದುದರಲ್ಲಿ ಕಲ್ಲಿಗಿಂತ ಮೊದಲು ಹೃದಯವನ್ನು ನೋಡುವುದು ಪ್ರವಾದಿಚರ್ಯೆ.

ಕಅಬಾದೊಳಗೆ ನಮಾಝ್ ಮಾಡಲು ಬಯಸಿದ ಹ. ಆಯಿಶಾರ(ರ) ಕೈಹಿಡಿದು ಪ್ರವಾದಿವರ್ಯರು(ಸ) ಹತೀಮ್‌ಗೆ ಕರೆತಂದರು. ಇಲ್ಲಿ ಮಾಡು, ಇದೂ ಕಅಬಾದ ಭಾಗವೇ ಎಂದು ತಿಳಿಸಿದರು. ಎತ್ತರದ ಬಾಗಿಲು ಹತ್ತಲಾಗದ ಸಾಮಾನ್ಯ ಯಾತ್ರಿಕನಿಗೂ ಅಲ್ಲಿ ನಮಾಝ್ ಮಾಡುವ ಭಾಗ್ಯವಿದೆ. ಅಂದು ಪ್ರವಾದಿವರ್ಯರು(ಸ) ತಾಳಿದ ಸಹನೆಯಲ್ಲಿ ಎಷ್ಟೊಂದು ಕಾರುಣ್ಯವಿತ್ತೆಂದು ಯೋಚಿಸಿರಿ.